ಇಷ್ಟದ ಹಾಡುಗಳ ಕ್ಯಾಸೆಟ್ಟು ಶೃಂಗೇರಿಗೆ ಹೋದದ್ದು

ನನಗೆ ಸಂಗೀತದ ಗಂಧಗಾಳಿ ಇಲ್ಲ ಎಂದು ಕೆಲವರು ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಹಾಡು ಶುರುವಾದದ್ದು ನನಗೆ ಗೊತ್ತಾಗುತ್ತದೆ, ಮುಗಿದದ್ದೂ ಗೊತ್ತಾಗುತ್ತದೆ. ನಡುವೆ ಏನು ನಡೆಯುತ್ತದೆ ಎನ್ನುವುದು ಮಾತ್ರ ಸ್ವಲ್ಪ ಮಸುಕು. ಇಷ್ಟು ಜ್ಞಾನದಲ್ಲಿ ಒಬ್ಬ ಮನುಷ್ಯ ಮರ್ಯಾದೆಯಿಂದ ಬದುಕಬಹುದು. ನಾನೂ ಕೊಪ್ಪದಲ್ಲಿ ಗುಮಾಸ್ತನಾಗಿ ಹಾಗೆಯೇ ಬದುಕಿಕೊಂಡಿದ್ದೆ, ಶೃಂಗೇರಿಗೆ ಹೆಣ್ಣು ನೋಡಲು ಹೋಗುವ ತನಕ.

ಊರೂರಿಗೆ ಟೇಪ್ ರೆಕಾರ್ಡರ್ ಬರತೊಡಗಿದ್ದ ಎಂಬತ್ತರ ದಶಕದ ಆರಂಭ ಅದು. ನನಗೆ ಮೂವತ್ತು ದಾಟಿತ್ತು. ಬಂದ ಸಂಬಂಧಗಳೆಲ್ಲ ಒಂದಲ್ಲ ಒಂದು ಕಾರಣಕ್ಕೆ ತಪ್ಪಿಹೋಗಿದ್ದವು. ಒಬ್ಬರಿಗೆ ನನ್ನ ಎತ್ತರ ಸಾಲಲಿಲ್ಲ, ಇನ್ನೊಬ್ಬರಿಗೆ ಸಂಬಳ ಸಾಲಲಿಲ್ಲ, ನರಸಿಂಹರಾಜಪುರದವರಿಗೆ ಎರಡೂ ಸಾಲಲಿಲ್ಲ. ಇದೂ ತಪ್ಪಿದರೆ ಇನ್ನು ಜಾತಕ ಹಿಡಿದುಕೊಂಡು ಯಾರ ಮನೆಯ ಮೆಟ್ಟಿಲನ್ನೂ ತಾನು ಹತ್ತುವುದಿಲ್ಲ ಎಂದು ಅಮ್ಮ ಬಸ್ಸಿನಲ್ಲೇ ಘೋಷಿಸಿದ್ದಳು.

ಹುಡುಗಿಯ ಹೆಸರು ವಸುಧಾ. ಅಪ್ಪ ನಿವೃತ್ತ ಹೆಡ್‌ಮಾಸ್ಟರು. ಅವಳ ಅಮ್ಮ ತೀರಿಕೊಂಡಿದ್ದರಿಂದ ಮನೆಯ ಯಜಮಾನಿಕೆ ಸೋದರತ್ತೆಯದು. ವಸುಧಾ ಕೋಡುಬಳೆಯ ತಟ್ಟೆಯನ್ನೂ ಕಾಫಿಯನ್ನೂ ತಂದಿಟ್ಟಳು. ಸೋದರತ್ತೆ ಪದ್ಧತಿಯಂತೆ, "ಒಂದು ಹಾಡು ಹೇಳೇ" ಎಂದರು. ನಾನು ಒಂದು ಕೋಡುಬಳೆಯನ್ನು ಬಾಯಿಗಿಟ್ಟ ಹೊತ್ತಿಗೇ ಹಾಡು ಶುರುವಾಯಿತು. ಎಲ್ಲರೂ ತಲೆದೂಗಿದರು. ಎಲ್ಲರೂ ಯಾವಾಗ ತಲೆದೂಗುತ್ತಾರೆಂದು ನೋಡಿಕೊಂಡು ನಾನೂ ತೂಗಿದೆ.

ಮಾಮೂಲಿನಂತೆ ಶಾಸ್ತ್ರ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ವಸುಧಾ ಎದ್ದು ಹೋಗಲಿಲ್ಲ. ನನ್ನ ಮುಖ ನೋಡಿ, "ನಾನು ಹೇಳಿದ್ದಾಯ್ತು. ನಿಮಗೆ ಯಾವ ಹಾಡು ಇಷ್ಟ?" ಎಂದು ಕೇಳಿದಳು.

ಹೆಣ್ಣು ನೋಡಲು ಹೋದಲ್ಲಿ ಗಂಡಿಗೆ ಪ್ರಶ್ನೆ ಕೇಳುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ! ಅಮ್ಮ ಮಾಡಿನ ಹಂಚು ಎಣಿಸತೊಡಗಿದಳು. ಬಾಯಲ್ಲಿ ಕೋಡುಬಳೆ ಇದ್ದುದರಿಂದ ಉತ್ತರ ಚಿಕ್ಕದಾಗಿರಬೇಕಿತ್ತು. "ಎಲ್ಲ" ಎಂದೆ. ಎಲ್ಲ ಅಂದರೆ ಯಾವುದು ಎಂದು ಅವಳು ಬಿಡದೆ ಕೇಳಿದಳು. ಬಾಯಲ್ಲಿದ್ದುದನ್ನು ಹೇಗೋ ನುಂಗಿ, ಶಾಸ್ತ್ರೀಯ, ಕವ್ವಾಲಿ, ಯಕ್ಷಗಾನ ಎಂದು ನನ್ನ ಗೆಳೆಯರ ಹುಚ್ಚುಗಳನ್ನೆಲ್ಲ ನನ್ನವೆಂದು ಒಪ್ಪಿಸಿಬಿಟ್ಟೆ.

"ಹಾಗಾದ್ರೆ ನಿಮಗೆ ಇಷ್ಟದ್ದನ್ನೆಲ್ಲ ಒಂದು ಕ್ಯಾಸೆಟ್ ಮಾಡಿ ಕಳಿಸಿ. ಕೇಳಿ ಆಮೇಲೆ ಹೇಳ್ತೇನೆ" ಎಂದಳು.

ಏನು ಹೇಳುತ್ತಾಳೆ ಎನ್ನುವುದು ಎಲ್ಲರಿಗೂ ಅರ್ಥವಾಗಿತ್ತು. ಹುಡುಗಿಯ ಒಪ್ಪಿಗೆ ಇನ್ನು ಆ ಕ್ಯಾಸೆಟ್ಟಿನ ಮೇಲೆ ನಿಂತಿತ್ತು. ನಿಜ ಹೇಳುತ್ತೇನೆ, ನನಗೆ ಅವಳು ತುಂಬ ಇಷ್ಟವಾಗಿದ್ದಳು. ಮುಖ ನೋಡಿ ನೇರವಾಗಿ ಪ್ರಶ್ನೆ ಕೇಳಿದ್ದೇ ಇಷ್ಟವಾಗಿತ್ತು. ಉತ್ತರ ಗೊತ್ತಿದ್ದರೆ ಇನ್ನೂ ಇಷ್ಟವಾಗುತ್ತಿತ್ತು.

ಕೊಪ್ಪಕ್ಕೆ ಮರಳಿದವನೇ ಗೆಳೆಯರ ಕಾಲು ಹಿಡಿದೆ. ಮೊದಲನೆಯವನು ಇಕ್ಬಾಲ್. ಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ. ಅವನ ಅಣ್ಣ ದುಬೈಯಿಂದ ತಂದುಕೊಟ್ಟಿದ್ದ ರೇಡಿಯೊ, ಟೇಪ್ ಎರಡೂ ಇದ್ದ ಹೊಸ ಟೂ-ಇನ್-ಒನ್ ಅವನಲ್ಲಿತ್ತು. ಕವ್ವಾಲಿ, ಗಜಲ್ ಎಂದರೆ ಗಿರಾಕಿಯ ಕಾಲಿಗೆ ಒಂದು ಅಳತೆ ಕಡಿಮೆ ಚಪ್ಪಲಿ ಹಾಕಿ ಕಳಿಸುವಷ್ಟು ಮೈಮರೆಯುತ್ತಿದ್ದ. ಎರಡನೆಯವನು ನಾಗೇಶ, ಶಾಲೆಯ ಮೇಷ್ಟ್ರು. ಕರ್ನಾಟಕ ಸಂಗೀತ ಬಿಟ್ಟು ಉಳಿದದ್ದೆಲ್ಲ ಅವನ ಪ್ರಕಾರ ಗಲಾಟೆ. ಮೂರನೆಯವನು ಮೇಗುಂದದ ಶೇಷೇಗೌಡ. ಯಕ್ಷಗಾನದ ಚಂಡೆ ಕೇಳದೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಮೂವರೂ ನನ್ನ ಕಷ್ಟಕ್ಕೆ ಕರಗಿದರು. ಕರಗಿದ ಮೇಲೆ ಜಗಳ ಶುರು ಮಾಡಿದರು. ಮೊದಲ ಹಾಡು ಯಾವುದು? ಅದು ತನ್ನದೇ ಆಗಬೇಕೆಂದು ಮೂವರದ್ದೂ ಹಟ. ಹುಡುಗಿ ನೋಡಿ ಬಂದವನು ನಾನು ಎನ್ನುವುದನ್ನು ಅವರು ಬೇಗ ಮರೆತರು. ಕೊನೆಗೆ ಹುಡುಗಿ ಮೇಷ್ಟ್ರ ಮಗಳಾದ್ದರಿಂದ ನಾಗೇಶ ಮೇಷ್ಟ್ರದ್ದೇ ಮೊದಲು, ಆಮೇಲೆ ಇಕ್ಬಾಲನದ್ದು, ಆಮೇಲೆ ಗೌಡನದ್ದು ಎಂದು ತೀರ್ಮಾನವಾಯಿತು. ಗೌಡ ಮುಖ ಊದಿಸಿಕೊಂಡು ಒಪ್ಪಿದ.

ಭಾನುವಾರ ಮಧ್ಯಾಹ್ನ ಇಕ್ಬಾಲನ ಅಂಗಡಿಯ ಬಾಗಿಲು ಹಾಕಿಕೊಂಡು ಕೂತೆವು. ಒಂದು ಯಂತ್ರದಿಂದ ಇನ್ನೊಂದಕ್ಕೆ ಹಾಡು ಸಾಗಿಸುವ ವಯರು ನಮ್ಮಲ್ಲಿ ಇರಲಿಲ್ಲ. ನಮ್ಮ ಕಡೆಯ ಕ್ರಮ ಬೇರೆ. ನಾಗೇಶನ ಹಳೆಯ ಟೇಪ್ ರೆಕಾರ್ಡರನ್ನೂ ಇಕ್ಬಾಲನ ಹೊಸದನ್ನೂ ಮೇಜಿನ ಮೇಲೆ ಮುಖಾಮುಖಿ ಕೂರಿಸಬೇಕು. ಒಂದು ಹಾಡಬೇಕು, ಇನ್ನೊಂದು ಕೇಳಿಸಿಕೊಳ್ಳಬೇಕು. ಹೊರಗಿನ ಬಸ್ಸಿನ ಹಾರನ್ನು ಒಳಗೆ ಬರದಂತೆ ಎರಡಕ್ಕೂ ಸೇರಿಸಿ ಕಂಬಳಿ ಹೊದಿಸಬೇಕು. ಹಾಡು ಮುಗಿಯುವ ತನಕ ಕೋಣೆಯಲ್ಲಿ ಯಾರೂ ಮಾತಾಡಬಾರದು, ಕೆಮ್ಮಬಾರದು, ಕುರ್ಚಿ ಎಳೆಯಬಾರದು. ಜ್ವರ ಬಂದ ಇಬ್ಬರು ಒಂದೇ ಕಂಬಳಿಯಡಿ ಮಲಗಿದ ಹಾಗೆ ಕಾಣುತ್ತಿತ್ತು ಅದು.

ಹಾಡಿನ ವಿಷಯದಲ್ಲಿ ನನ್ನ ಅಭಿಪ್ರಾಯ ಯಾರಿಗೂ ಬೇಕಿರಲಿಲ್ಲವಾದ್ದರಿಂದ ಗುಂಡಿ ಒತ್ತುವ ಕೆಲಸವನ್ನು ನನಗೆ ವಹಿಸಿದರು. ಕಂಬಳಿಯೊಳಗೆ ಕೈ ಹಾಕಿ ಒತ್ತಬೇಕು. ಎಂಥವರಿಗೂ ಬರುವ ಕೆಲಸ ಎಂದು ಇಕ್ಬಾಲ್ ಧೈರ್ಯ ಹೇಳಿದ.

ನಾಗೇಶನ ಕೀರ್ತನೆ ನಡೆಯುವಾಗ ಗೌಡ ಉಸಿರು ಬಿಗಿಹಿಡಿದು ಕೆಂಪಾದ. ಇಕ್ಬಾಲನ ಕವ್ವಾಲಿಯ ಹೊತ್ತಿಗೆ ನಾಗೇಶ ಎರಡು ಕಿವಿಗೂ ಬೆರಳಿಟ್ಟುಕೊಂಡ. ಕವ್ವಾಲಿ ಮುಗಿಯಿತು. ನಾನು ಕೈ ಹಾಕಿ ಗುಂಡಿ ಒತ್ತಿದೆ. ಅಷ್ಟು ಹೊತ್ತು ತಡೆದುಕೊಂಡಿದ್ದ ಮಾತೆಲ್ಲ ಒಮ್ಮೆಲೇ ಹೊರಗೆ ಬಂತು. ಕವ್ವಾಲಿ ಸಂಗೀತವೇ ಅಲ್ಲ ಎಂದ ನಾಗೇಶ. ಜಗಳ ಎಷ್ಟು ಹೊತ್ತು ನಡೆಯಿತೋ ತಿಳಿಯದು. ತಣ್ಣಗಾದ ಮೇಲೆ ಗೌಡನ ಹಾಡಿಗೆಂದು ಕಂಬಳಿ ಎತ್ತಿ ನೋಡಿದರೆ ಹೊಸ ಯಂತ್ರದಲ್ಲಿ ಆ ಬದಿ ಪೂರ್ತಿ ಸುತ್ತಿ ಮುಗಿದಿತ್ತು. ಇನ್ನೂ ಜಾಗ ಇರಬೇಕಿತ್ತಲ್ಲ ಎಂದು ನನಗೊಮ್ಮೆ ಅನಿಸಿತು. ಆದರೆ ಜಪಾನಿನ ಯಂತ್ರಕ್ಕೆ ನನಗಿಂತ ಹೆಚ್ಚು ಗೊತ್ತಿರುತ್ತದೆ ಎಂದು ಕ್ಯಾಸೆಟ್ಟನ್ನು ತಿರುಗಿಸಿ ಹಾಕಿದೆ. ಎರಡನೆಯ ಬದಿಯನ್ನು ಗೌಡನ ಯಕ್ಷಗಾನ ತುಂಬಿತು. ಅವನು ರಂಗಸ್ಥಳದ ಎದುರೇ ಕೂತು ರೆಕಾರ್ಡ್ ಮಾಡಿಕೊಂಡು ಬಂದಿದ್ದ ಪದ್ಯಗಳು ಅವು. ಭಾಗವತರಿಗಿಂತ ಪಕ್ಕದಲ್ಲಿ ಕೂತವರ ಕೆಮ್ಮು ಚೆನ್ನಾಗಿ ಬಂದಿತ್ತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿನ ಕಂಡಕ್ಟರನ ಕೈಗೆ ಪೊಟ್ಟಣ ಕೊಟ್ಟೆ. ಮೊದಲೇ ಕಾಗದ ಬರೆದು ತಿಳಿಸಿದ್ದರಿಂದ, ಶೃಂಗೇರಿ ಸ್ಟ್ಯಾಂಡಿನಲ್ಲಿ ಹೆಡ್‌ಮಾಸ್ಟರು ಬಂದು ತೆಗೆದುಕೊಳ್ಳುತ್ತಾರೆಂದು ಹೇಳಿದೆ. ನಮ್ಮ ಕಡೆ ಔಷಧಿ, ಮದುವೆ ಕಾಗದ, ಮಿಕ್ಸಿಯ ಜಾರು ಎಲ್ಲ ಹೋಗುವುದು ಹಾಗೆಯೇ. ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನಿಂತು ನೋಡಿದೆ. ಅರ್ಧ ಮದುವೆಯಾದ ಹಾಗೆ ಹಗುರಾಗಿ ಹೋಟೆಲಿಗೆ ಬಂದೆ. ಅಲ್ಲಿ ಮೂವರೂ ಕಾಫಿ ಕುಡಿಯುತ್ತಿದ್ದರು.

ಗೌಡನ ಮುಖ ಇನ್ನೂ ಊದಿಕೊಂಡೇ ಇತ್ತು. ತನ್ನ ಒಳ್ಳೆಯ ಎರಡು ಪದ್ಯ ಬಿಟ್ಟುಹೋಯಿತೆಂದು ಅವನ ದೂರು. ಮೊದಲ ಬದಿಯಲ್ಲಿ ಅದಕ್ಕೆ ಬೇಕಾದಷ್ಟು ಜಾಗ ಇತ್ತು ಎಂದ. ಇರಲು ಸಾಧ್ಯವೇ ಇಲ್ಲ, ಬದಿ ತುಂಬಿತ್ತು ಎಂದೆ. ನಾಗೇಶ ಮೇಷ್ಟ್ರಲ್ಲವೇ, ಬೆರಳು ಮಡಚಿ ಲೆಕ್ಕ ಹಾಕಿದ. ಮತ್ತೊಮ್ಮೆ ಹಾಕಿದ.

"ಗೌಡ ಹೇಳೋದು ಸರಿ ಇದೆಯಲ್ಲ ಮಾರಾಯ. ಉಳಿದ ಜಾಗದಲ್ಲಿ ಎಂತ ತುಂಬಿತು?"

ಇಕ್ಬಾಲ್ ಲೋಟ ಕೆಳಗಿಟ್ಟ. ನನ್ನನ್ನೇ ನೋಡಿದ. "ಕವ್ವಾಲಿ ಮುಗಿದ ಮೇಲೆ ನೀನು ಯಾವ ಗುಂಡಿ ಒತ್ತಿದ್ದು?" ಎಂದು ಮೆಲ್ಲಗೆ ಕೇಳಿದ.

ನಾನು ಒತ್ತಿದ್ದು ಹಾಡುವ ಯಂತ್ರದ ಗುಂಡಿ. ಕೇಳಿಸಿಕೊಳ್ಳುವ ಯಂತ್ರವನ್ನು ನಿಲ್ಲಿಸಿರಲಿಲ್ಲ. ಅದು ಕಂಬಳಿಯಡಿಯಲ್ಲಿ ಕೂತು ಶ್ರದ್ಧೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿತ್ತು!

ನಾಲ್ವರೂ ನಾವು ನಾವು ಆಡಿದ ಮಾತು ನೆನಪಿಸಿಕೊಳ್ಳತೊಡಗಿದೆವು. "ಹುಡುಗಿ ವಿಷಯ ಏನಾದ್ರೂ ಬಂದಿತ್ತಾ?" ಎಂದ ಗೌಡ. ಬಂದಿತ್ತು. ಹುಡುಗಿಯ ಹಾಡು ಹೇಗಿತ್ತೆಂದು ಇಕ್ಬಾಲ್ ಕೇಳಿದ್ದ, ನಾನು ಉತ್ತರ ಕೊಟ್ಟಿದ್ದೆ. ಕೊಟ್ಟ ಉತ್ತರ ನೆನಪಾದದ್ದೇ ಕುರ್ಚಿ ಬಿಟ್ಟೆದ್ದೆ.

ಕಚೇರಿಗೆ ರಜೆ ಹೇಳಿಕಳಿಸಿ ಮುಂದಿನ ಬಸ್ಸು ಹತ್ತಿದೆ. ಮೊದಲ ಬಸ್ಸನ್ನು ಹಿಡಿಯುವ ಆಸೆ ನನಗೆ. ಈ ಬಸ್ಸಿನ ಡ್ರೈವರನಿಗೆ ಅಂಥ ಯಾವ ಆಸೆಯೂ ಇರಲಿಲ್ಲ. ಕೈ ತೋರಿಸಿದವರಿಗೆಲ್ಲ ನಿಲ್ಲಿಸಿದ, ಕೈ ತೋರಿಸದೆ ಸುಮ್ಮನೆ ನಿಂತವರನ್ನೂ ಬರುತ್ತೀರಾ ಎಂದು ಕೇಳಿದ. ಹರಿಹರಪುರದಲ್ಲಿ ಇಳಿದು ಹೋಗಿ ಇಡ್ಲಿ ತಿಂದ. ನಾನು ಕಿಟಕಿಯಿಂದ ನೋಡುತ್ತಾ ಇದ್ದೆ. ಚಟ್ನಿ ಎರಡು ಸಲ ಹಾಕಿಸಿಕೊಂಡ.

ಶೃಂಗೇರಿ ಸ್ಟ್ಯಾಂಡಿನಲ್ಲಿ ವಿಚಾರಿಸಿದರೆ ಹೆಡ್‌ಮಾಸ್ಟರು ಪೊಟ್ಟಣ ಒಯ್ದು ಬಹಳ ಹೊತ್ತಾಗಿತ್ತು. ಓಡಿದೆ. ಮನೆಯ ಜಗಲಿಯಲ್ಲಿ ಅಕ್ಕಪಕ್ಕದವರೆಲ್ಲ ಚಾಪೆ ಹಾಕಿಕೊಂಡು ಕೂತಿದ್ದರು. ನಡುವೆ ಸ್ಟೂಲಿನ ಮೇಲೆ ಟೇಪ್ ರೆಕಾರ್ಡರು. ಹೆಡ್‌ಮಾಸ್ಟರು ಆಗಷ್ಟೇ ಕ್ಯಾಸೆಟ್ಟು ಹಾಕುತ್ತಿದ್ದರು.

"ಓ, ನೀವೇ ಬಂದ್ರಾ? ಒಳ್ಳೇದಾಯ್ತು. ಒಟ್ಟಿಗೇ ಕೇಳುವ" ಎಂದು ನನ್ನನ್ನು ಎಲ್ಲರಿಗಿಂತ ಮುಂದೆ ಕೂರಿಸಿದರು. ಬಾಗಿಲ ಹತ್ತಿರ ವಸುಧಾ ನಿಂತಿದ್ದಳು. ಅವಳ ಮುಖದಲ್ಲಿ ಸಣ್ಣ ನಗು ಇತ್ತು. ಇನ್ನು ಸ್ವಲ್ಪ ಹೊತ್ತಿಗೆ ಅದು ಇರುವುದಿಲ್ಲ ಎಂದು ಗೊತ್ತಿದ್ದ ಮನುಷ್ಯ ಅಲ್ಲಿ ನಾನೊಬ್ಬನೇ. ತುಂಬ ಸಂಕಟವಾಯಿತು.

ಕ್ಯಾಸೆಟ್ಟು ಸ್ವಲ್ಪ ಕೆಟ್ಟಿದೆ, ಬೇರೆ ತರುತ್ತೇನೆ ಎಂದೆ. ಕೆಟ್ಟಷ್ಟು ಬಿಟ್ಟು ಒಳ್ಳೆಯದಿದ್ದಷ್ಟು ಕೇಳಿದರಾಯಿತು ಎಂದರು ಹೆಡ್‌ಮಾಸ್ಟರು. ಹಾಗಾದರೆ ಎರಡನೆಯ ಬದಿಯನ್ನು ಮೊದಲು ಹಾಕಿ ಎಂದು ಗೋಗರೆದೆ. ಹಾಕಿದರು. ಚಂಡೆ ಮೊಳಗಿತು. ಮಳೆಗಾಲದ ಶೃಂಗೇರಿಯಲ್ಲಿ ಕರೆಂಟು ಹೋಗದ ದಿನವೇ ಇಲ್ಲ. ಆ ದಿನ ಹೋಗಲಿಲ್ಲ! ಶಾರದಾಂಬೆಗೆ ಮನಸ್ಸಿನಲ್ಲೇ ಕೈಮುಗಿದು ಬಲ್ಬನ್ನೇ ನೋಡುತ್ತಾ ಕೂತೆ. ನನ್ನ ನೋಟ ಕಂಡು ಹೆಡ್‌ಮಾಸ್ಟರು, "ಕರೆಂಟಿನ ಹೆದರಿಕೆ ಬೇಡ, ಸೆಲ್ ಹಾಕಿಟ್ಟಿದ್ದೇನೆ" ಎಂದು ಸಮಾಧಾನ ಹೇಳಿದರು.

ಬದಿ ತಿರುಗಿತು. ನಾಗೇಶನ ಕೀರ್ತನೆ ಬಂತು. ಇದರಲ್ಲಿ ನಿಮಗೆ ಇಷ್ಟವಾದದ್ದು ಏನು ಎಂದು ಹೆಡ್‌ಮಾಸ್ಟರು ಕುತೂಹಲದಿಂದ ಕೇಳಿದರು. ಗೆಳೆಯರು ಹೇಳಿಕೊಟ್ಟಿದ್ದ ಹೊಗಳಿಕೆಗಳೆಲ್ಲ ತಲೆಯಲ್ಲಿ ಕಲಸಿಹೋಗಿದ್ದವು. "ಆ ಚಪ್ಪಾಳೆಯ ವರಸೆ" ಎಂದೆ. ಕೀರ್ತನೆಯಲ್ಲಿ ಚಪ್ಪಾಳೆ ಎಲ್ಲೂ ಇರಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಕವ್ವಾಲಿ ಶುರುವಾಯಿತು. ಚಪ್ಪಾಳೆ ಬಂತು, ತಡವಾಗಿ. ಸೋದರತ್ತೆ ಮೊದಲು ಹುಬ್ಬು ಗಂಟಿಕ್ಕಿದವರು ಆಮೇಲೆ ತೊಡೆಯ ಮೇಲೆ ತಾಳ ಹಾಕತೊಡಗಿದರು. ಬೇರೆ ದಿನವಾಗಿದ್ದರೆ ನನಗೆ ಸಂತೋಷವಾಗುತ್ತಿತ್ತು. ಹಾಡು ಏರಿದಷ್ಟೂ ನನ್ನ ಎದೆ ಇಳಿಯಿತು.

ಕವ್ವಾಲಿ ಮುಗಿಯಿತು. ಸ್ವಲ್ಪ ಗರಗರ ಸದ್ದು. ನಾನು ಎದ್ದು, "ಮುಗೀತು, ಇಷ್ಟೇ" ಎಂದು ಗುಂಡಿಗೆ ಕೈ ಹಾಕಿದೆ. ಗಾಬರಿಯಲ್ಲಿ ಕೈಗೆ ಸಿಕ್ಕಿದ್ದು ಮತ್ತೆ ತಪ್ಪು ಗುಂಡಿ. ಸದ್ದು ಹೆಚ್ಚು ಮಾಡುವುದನ್ನೇ ತಿರುಗಿಸಿಬಿಟ್ಟಿದ್ದೆ! ನಾಗೇಶನ ಧ್ವನಿ ಬೀದಿಗೆಲ್ಲ ಕೇಳುವಂತೆ ಹೊರಟಿತು.

"ಇದು ಹಾಡಾ ಇಕ್ಬಾಲ್? ಸಂತೆಯಲ್ಲಿ ಚೌಕಾಸಿ ಮಾಡಿದ ಹಾಗಿದೆ."

"ನಿಮ್ಮದು ಮಾತ್ರ ಎಂತ? ಹಾಡು ಶುರು ಮಾಡೋ ಮೊದ್ಲು ಗಂಟ್ಲು ಸರಿ ಮಾಡ್ಕೊಳ್ಳೋದೇ ಅರ್ಧ ಗಂಟೆ. ಅಷ್ಟರಲ್ಲಿ ನಾನು ನಾಲ್ಕು ಜೊತೆ ಚಪ್ಪಲಿ ಮಾರ್ತೇನೆ."

"ಇಬ್ರೂ ಸುಮ್ನಿರಿ. ಚಂಡೆ ಇಲ್ದೆ ಎಂತ ಹಾಡು ಮಾರಾಯ?" ಇದು ಗೌಡ.

ಇವರೆಲ್ಲ ಯಾರು ಎಂದು ಹೆಡ್‌ಮಾಸ್ಟರು ಕೇಳಿದರು. ಗೆಳೆಯರು ಎಂದೆ. ನಾನು ಯಂತ್ರ ನಿಲ್ಲಿಸಲು ಇನ್ನೊಮ್ಮೆ ಕೈ ಚಾಚಿದೆ. ಅವರು ನನ್ನ ಕೈ ಹಿಡಿದು ಪಕ್ಕಕ್ಕಿಟ್ಟರು. "ಇರಿ, ಆ ಮೊದಲನೆಯವರು ಹೇಳಿದ್ದರಲ್ಲಿ ಅರ್ಥ ಇದೆ" ಎಂದು ಯಂತ್ರದ ಕಡೆ ಬಾಗಿದರು. ಸೋದರತ್ತೆಗೆ ಸಿಟ್ಟು ಬಂತು. ಕವ್ವಾಲಿಯ ಹುಡುಗ ಹೇಳಿದ್ದೇ ಸರಿ, ಕಳೆದ ವರ್ಷದ ಕಛೇರಿಯಲ್ಲಿ ಗಂಟಲು ಸರಿಮಾಡಿಕೊಳ್ಳುವುದನ್ನು ಕೇಳಿ ತನಗೆ ಸಾಕಾಗಿಹೋಗಿದೆ ಎಂದರು. ಅಣ್ಣತಂಗಿಯ ನಡುವೆ ವಾದ ಹತ್ತಿತು. ಪಕ್ಕದ ಮನೆಯವರು ಗೌಡನ ಪಕ್ಷ ಸೇರಿದರು. ಕೊಪ್ಪದ ಜಗಳಕ್ಕೆ ಶೃಂಗೇರಿಯಲ್ಲಿ ಇಷ್ಟು ಜನ ಸಿಗುತ್ತಾರೆಂದು ನಾನು ಎಣಿಸಿರಲಿಲ್ಲ. ಈ ಗದ್ದಲದಲ್ಲಿ ಮುಂದಿನ ಮಾತು ಮುಚ್ಚಿಹೋದೀತೆಂಬ ಒಂದು ಆಸೆ ಹುಟ್ಟಿತು.

"ಸ್ವಲ್ಪ ಸುಮ್ನಿರಿ ಎಲ್ರೂ" ಎಂದಳು ವಸುಧಾ. ಎಲ್ಲರೂ ಸುಮ್ಮನಾದರು. ಅವಳು ಯಂತ್ರದ ಹತ್ತಿರ ಬಂದು ಕೂತಳು.

ಕ್ಯಾಸೆಟ್ಟಿನಲ್ಲಿ ನಾಗೇಶ ಹೇಳುತ್ತಿದ್ದ: "ಇವನನ್ನ ಕೇಳಿ ಎಂತ ಪ್ರಯೋಜನ? ಇವನಿಗೆ ಹಾಡೂ ಒಂದೇ, ಹಿಟ್ಟಿನ ಗಿರಣಿ ಸದ್ದೂ ಒಂದೇ. ನಾವು ಆರಿಸಿ ಕೊಡದಿದ್ರೆ ಖಾಲಿ ಕ್ಯಾಸೆಟ್ ಕಳಿಸ್ತಿದ್ದ."

ವಸುಧಾ ತಲೆ ಎತ್ತಿ ನನ್ನನ್ನು ನೋಡಿದಳು. ನಗು ಹೋಗಿತ್ತು. ನಾನು ಚಾಪೆಯ ಅಂಚಿನ ದಾರವನ್ನು ಕೀಳುತ್ತಾ ಕೂತೆ. ಅಮ್ಮನಿಗೆ ಏನು ಹೇಳುವುದೆಂದು ಆಗಲೇ ಯೋಚನೆ ಶುರುವಾಗಿತ್ತು. ಆದರೆ ಇನ್ನೂ ದೊಡ್ಡ ಪೆಟ್ಟು ಬಾಕಿ ಇತ್ತು.

"ಅದಿರ್ಲಿ, ಆ ಹುಡುಗಿ ಹಾಡಿದ್ಳಂತಲ್ಲ. ಹೇಗಿತ್ತು? ಅದು ಹೇಳು" ಎಂದಿತು ಇಕ್ಬಾಲನ ಧ್ವನಿ.

ಆಮೇಲೆ ನನ್ನದು. ನನ್ನ ಧ್ವನಿ ಅಷ್ಟು ಕೀರಲೆಂದು ಆ ದಿನವೇ ನನಗೆ ತಿಳಿದದ್ದು. "ಹಾಡು ಹೇಗಿತ್ತೋ ಯಾರಿಗೆ ಗೊತ್ತು ಮಾರಾಯ. ನನ್ನ ಬಾಯಲ್ಲಿ ಕೋಡುಬಳೆ ಇತ್ತು. ಅವಳು ಹಾಡು ಮುಗಿಸೋ ತನಕ ಬಾಯಲ್ಲೇ ಇಟ್ಕೊಂಡು ಕೂತಿದ್ದೆ. ಕಚ್ಚಲೇ ಇಲ್ಲ. ಯಾಕಂದ್ರೆ..."

ಟಕ್!

ಬದಿ ಮುಗಿದಿತ್ತು. ಅವತ್ತು ಕೊಪ್ಪದಲ್ಲಿ ನಾನು ಕಾರಣವನ್ನು ಹೇಳುವ ಮೊದಲೇ ಇಕ್ಬಾಲನ ಜಪಾನಿನ ಯಂತ್ರ ನಿಂತುಬಿಟ್ಟಿತ್ತು.

ಎಲ್ಲರೂ ನನ್ನ ಕಡೆ ತಿರುಗಿದರು. ಕಣ್ಣೆಲ್ಲ ನನ್ನ ಬಾಯಿಯ ಮೇಲೆ, ಅಲ್ಲಿ ಇನ್ನೂ ಕೋಡುಬಳೆ ಇದೆಯೋ ಎಂಬಂತೆ. "ಯಾಕಂದ್ರೆ?" ಎಂದು ವಸುಧಾ ಕೇಳಿದಳು.

ನಾನು ಗೆಳೆಯರಿಗೆ ಹೇಳಿದ ಕಾರಣ ಸರಳವಾಗಿತ್ತು. ಆ ಕೋಡುಬಳೆ ಕಗ್ಗಲ್ಲಿನಷ್ಟು ಗಟ್ಟಿ. ಹಲ್ಲು ಊರಿದರೆ ಹಲ್ಲೇ ಹೋಗುತ್ತದೆಂದು ಹೆದರಿ, ನೆನೆದು ಮೆತ್ತಗಾಗಲಿ ಎಂದು ಕಾಯುತ್ತಾ ಕೂತಿದ್ದೆ. ಹಾಡು ಮುಗಿಯುವ ಹೊತ್ತಿಗೆ ಹದಕ್ಕೆ ಬಂದಿತ್ತು. ಇದನ್ನು ಹೇಳಬೇಕೆಂದೇ ಬಾಯಿ ತೆರೆದೆ. ಅವಳ ಮುಖ ನೋಡಿದೆ. ಬೇರೇನೋ ಬಂತು.

"ಕಚ್ಚಿದ್ರೆ ಸದ್ದಾಗ್ತದೆ. ನೀವು ಹಾಡ್ತಾ ಇದ್ರಿ" ಎಂದೆ.

ಸೋದರತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಇದುವರೆಗೆ ಬಂದವರೆಲ್ಲ ಕೂಸು ಹಾಡುವಾಗ ಕರುಂಕುರುಂ ಎಂದು ತಿಂದುಕೊಂಡೇ ಕೂತಿದ್ದರು, ಇಂಥ ಮರ್ಯಾದಸ್ಥ ಗಂಡನ್ನು ನೋಡಿರಲಿಲ್ಲ ಎಂದರು. ಹಾಡಿನ ಜ್ಞಾನವಿಲ್ಲದಿದ್ದರೂ ಗೌರವ ಇದೆ, ಅದು ಹೆಚ್ಚಿನದು ಎಂದು ಹೆಡ್‌ಮಾಸ್ಟರು ಶಾಲೆಯಲ್ಲಿ ಹೇಳುವ ಹಾಗೆ ಹೇಳಿದರು. ವಸುಧಾ ಎದ್ದು ಒಳಗೆ ಹೋದಳು. ವಾರದೊಳಗೆ ಒಪ್ಪಿಗೆ ಬಂತು, ಅದೇ ಬಸ್ಸಿನ ಕಂಡಕ್ಟರನ ಬಾಯಲ್ಲಿ. ಹಾಗಾಗಿ ನನಗಿಂತ ಮೊದಲು ಇಡೀ ಕೊಪ್ಪಕ್ಕೆ ಗೊತ್ತಾಯಿತು.

ಮದುವೆಯಾಗಿ ಕೊಪ್ಪದ ಮನೆಗೆ ಬಂದ ಮೇಲೆ ಒಂದು ಸಂಜೆ ವಸುಧಾ ಕಾಫಿಯ ಜೊತೆ ಕೋಡುಬಳೆಯ ತಟ್ಟೆ ತಂದು ಮುಂದಿಟ್ಟಳು. ನಾನು ಒಂದನ್ನು ಎತ್ತಿ ಅತ್ತಿತ್ತ ತಿರುಗಿಸಿ ನೋಡಿದೆ.

"ಧೈರ್ಯವಾಗಿ ಕಚ್ಚಿ. ಇವು ಚೆನ್ನಾಗಿ ಬಂದಿವೆ" ಎಂದಳು. "ಅವತ್ತಿನದ್ದನ್ನ ನನಗೂ ಕಚ್ಚಲಿಕ್ಕೆ ಆಗ್ಲಿಲ್ಲ. ನೀವು ಹೋದ ಮೇಲೆ ಯಾರಿಗೂ ಗೊತ್ತಾಗದ ಹಾಗೆ ಒರಳಿಗೆ ಹಾಕಿ ಕುಟ್ಟಿದೆ."

ಹಾಗಾದರೆ ಆ ದಿನ ಜಗಲಿಯಲ್ಲೇ ನನ್ನ ಸುಳ್ಳು ಗೊತ್ತಿತ್ತೇ ಎಂದು ಕೇಳಿದೆ. ಮಾಡಿದವಳಿಗೆ ಗೊತ್ತಿರುವುದಿಲ್ಲವೇ ಎಂದಳು. ಗೊತ್ತಿದ್ದೂ ಯಾಕೆ ಒಪ್ಪಿದೆ ಎಂದೆ.

"ಅಷ್ಟು ಜನರ ಎದುರು ನನ್ನ ಕೋಡುಬಳೆ ಬೈಯಬಹುದಿತ್ತು. ನೀವು ಬೈಯಲಿಲ್ಲ" ಎಂದಳು.

ಆ ಕ್ಷಣ ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಎದೆ ಉಬ್ಬಿಸಿ ಕೂತೆ. ಅವಳು ಲೋಟ ಎತ್ತಿಕೊಂಡು ಒಳಗೆ ಹೋಗುತ್ತಾ, "ಮತ್ತೆ ಆ ಕವ್ವಾಲಿ ಬಹಳ ಚೆನ್ನಾಗಿತ್ತು. ಅಂಥ ಗೆಳೆಯರಿದ್ದ ಮೇಲೆ ನೀವು ಹೇಗಿದ್ರೂ ನಡೀತದೆ ಅನ್ನಿಸ್ತು" ಎಂದು ಸೇರಿಸಿದಳು.

ಅಲ್ಲಿಂದ ಮುಂದೆ ಭಾನುವಾರದ ಹಾಡಿನ ಸಭೆ ಚಪ್ಪಲಿ ಅಂಗಡಿಯಿಂದ ನಮ್ಮ ಮನೆಗೆ ಬಂತು. ನಾಗೇಶ, ಇಕ್ಬಾಲ್, ಗೌಡ ಮೂವರ ಜೊತೆ ವಸುಧಾ ನಾಲ್ಕನೆಯ ಪಕ್ಷವಾಗಿ ನಿಂತು ವಾದ ಮಾಡುತ್ತಾಳೆ. ಮೂವರೂ ಅವಳಿಗೆ ಹೆದರುತ್ತಾರೆ. ನನ್ನ ಅಭಿಪ್ರಾಯವನ್ನು ಈಗಲೂ ಯಾರೂ ಕೇಳುವುದಿಲ್ಲ. ಕಾಫಿ ಸೋಸುವುದು, ಕಂಬಳಿ ಹೊದಿಸುವುದು, ಗುಂಡಿ ಒತ್ತುವುದು ನನ್ನ ಕೆಲಸ. ಯಾವ ಗುಂಡಿ ಎನ್ನುವುದನ್ನು ಮಾತ್ರ ಅವಳೇ ಬೆರಳು ಹಿಡಿದು ತೋರಿಸುತ್ತಾಳೆ.